ಹೊಲದ ಮಣ್ಣು, ಹೊಳೆಯ ಹೂಳು

ಮುಂಗಾರು ಬಲಿತು ಮಲೆನಾಡಿನಲ್ಲಿ ಮಳೆ ಹಿಡಿದ ಕೆಲವೇ ದಿನಗಳಲ್ಲಿ ತುಂಗಭದ್ರಾ ನದಿಯ ಬಣ್ಣ ಬದಲಾಗುತ್ತದೆ. ಬೇಸಗೆಯಲ್ಲಿ ಬಂಡೆಗಳ ನಡುವೆ ತಿಳಿಯಾಗಿ ಹರಿಯುತ್ತಿದ್ದ ನೀರು ಈಗ ಕೆಂಪಾಗಿ, ಮಂದವಾಗಿ, ಎರಡೂ ದಡಗಳನ್ನು ತುಂಬಿಕೊಂಡು ಬರುತ್ತದೆ. ‘ಹೊಸ ನೀರು ಬಂತು’ ಎಂದು ದಡದ ಊರಿನವರು ಹಿಗ್ಗುತ್ತಾರೆ. ಅವರ ಹಿಗ್ಗು ಸಹಜವಾದುದೇ. ಆ ನೀರಿನಿಂದಲೇ ಕಾಲುವೆಗಳು ತುಂಬಬೇಕು, ಗದ್ದೆಗಳು ನಾಟಿ ಕಾಣಬೇಕು. ಆದರೆ ಅದೇ ನೀರನ್ನು ಒಂದು ಗಾಜಿನ ಲೋಟದಲ್ಲಿ ತುಂಬಿ, ಅಲುಗಿಸದೆ ಒಂದು ರಾತ್ರಿ ಇಟ್ಟರೆ, ಬೆಳಗಾಗುವ ವೇಳೆಗೆ ನೀರು ಬಹುಮಟ್ಟಿಗೆ ತಿಳಿಯಾಗಿ ತಳದಲ್ಲಿ ನಯವಾದ ಕೆಸರು ಕುಳಿತಿರುವುದು ಕಾಣುತ್ತದೆ. ನದಿಗೆ ಕೆಂಪು ಬಣ್ಣವನ್ನು ಕೊಟ್ಟುದು ಈ ಕೆಸರು. ಅದು ನದಿಯಲ್ಲಿ ಹುಟ್ಟಿದುದಲ್ಲ. ಎಲ್ಲೋ ಮೇಲಣ ಸೀಮೆಯಲ್ಲಿ, ಯಾರದೋ ಹೊಲದಲ್ಲಿ, ಕೆಲವು ದಿನಗಳ ಹಿಂದೆ ಪೈರಿನ ಬೇರಿಗೆ ಆಸರೆಯಾಗಿದ್ದ ಮಣ್ಣು ಅದು.

ಮಣ್ಣು ಒಂದು ದಿನದಲ್ಲಿ ಆಗುವ ವಸ್ತುವಲ್ಲ. ಬಂಡೆಯು ಬಿಸಿಲಿಗೆ ಕಾದು, ಇರುಳಿನ ತಂಪಿಗೆ ಕುಗ್ಗಿ, ಬಿರುಕು ಬಿಟ್ಟು, ಪುಡಿಯಾಗಬೇಕು. ಆ ಪುಡಿಯಲ್ಲಿ ಹುಲ್ಲು ಗಿಡಗಳು ಬೇರೂರಬೇಕು. ಉದುರಿದ ಎಲೆ, ಸತ್ತ ಬೇರುಗಳು ಕೊಳೆಯಬೇಕು. ಎರೆಹುಳುಗಳೂ ಕಣ್ಣಿಗೆ ಕಾಣದ ಕೋಟ್ಯಂತರ ಜೀವಾಣುಗಳೂ ಅದನ್ನು ಹದಗೊಳಿಸಬೇಕು. ಹೀಗೆ ಒಂದು ಅಂಗುಲ ದಪ್ಪದ ಮೇಲ್ಮಣ್ಣು ಸಿದ್ಧವಾಗಲು ನೂರಾರು ವರ್ಷಗಳು ಬೇಕಾಗುತ್ತವೆ. ಪೈರಿಗೆ ಬೇಕಾದ ಸಾರದ ಬಹುಭಾಗ ಇರುವುದು ಮೇಲಿನ ಒಂದು ಗೇಣು ಮಣ್ಣಿನಲ್ಲಿ. ಆ ಗೇಣು ಕಳೆದುಹೋದರೆ ಹೊಲ ಪಹಣಿಯಲ್ಲಿ ಮಾತ್ರ ಹೊಲವಾಗಿ ಉಳಿಯುತ್ತದೆ.

ಇಷ್ಟು ನಿಧಾನವಾಗಿ ಕೂಡಿದ ಮಣ್ಣನ್ನು ಕದಲಿಸುವ ಕೆಲಸ ಒಂದು ಮಳೆಹನಿಯಿಂದ ಆರಂಭವಾಗುತ್ತದೆ. ಬಿರುಮಳೆಯ ದೊಡ್ಡ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತದೆ. ಸುಣ್ಣ ಬಳಿದ ಗೋಡೆಯ ಬುಡವನ್ನು ಮಳೆ ನಿಂತ ಮೇಲೆ ನೋಡಿದರೆ ಇದರ ಪರಿಣಾಮ ತಿಳಿಯುತ್ತದೆ. ನೆಲದಿಂದ ಸಿಡಿದ ಮಣ್ಣು ಗೋಡೆಯ ಮೇಲೆ ಚುಕ್ಕೆಚುಕ್ಕೆಯಾಗಿ ಅಂಟಿರುತ್ತದೆ. ಗೋಡೆಯ ಬುಡದಲ್ಲಿ ಕಣ್ಣಿಗೆ ಬೀಳುವ ಈ ಸಿಡಿತ ಬರಿಯ ನೆಲವಿರುವ ಹೊಲದ ಉದ್ದಗಲಕ್ಕೂ ನಡೆಯುತ್ತಿರುತ್ತದೆ. ಹನಿಯ ಹೊಡೆತಕ್ಕೆ ಮಣ್ಣಿನ ಹೆಂಟೆಗಳು ಒಡೆದು ನುಣ್ಣನೆಯ ಕಣಗಳಾಗುತ್ತವೆ. ಆ ಕಣಗಳು ನೆಲದ ಸೂಕ್ಷ್ಮರಂಧ್ರಗಳನ್ನು ಮುಚ್ಚುತ್ತವೆ. ಇಂಗಬೇಕಾದ ನೀರು ಇಂಗಲಾರದೆ ಇಳಿಜಾರನ್ನು ಹುಡುಕಿಕೊಂಡು ಹೊರಡುತ್ತದೆ. ಹೊರಡುವಾಗ ಸಡಿಲವಾದ ಕಣಗಳನ್ನೂ ತನ್ನೊಡನೆ ಒಯ್ಯುತ್ತದೆ.

ಈ ಸವೆತಕ್ಕೆ ಮೂರು ಹಂತಗಳಿವೆ. ಮೊದಲನೆಯದು ಪದರ ಸವೆತ. ಇದರಲ್ಲಿ ನೀರು ಹೊಲದ ಮೇಲೆಲ್ಲ ತೆಳುವಾಗಿ ಹರಡಿ ಹರಿಯುತ್ತ ಒಂದೇ ಸಮನಾಗಿ ಮಣ್ಣನ್ನು ಸವೆಸುತ್ತದೆ. ಒಂದು ಹೆಕ್ಟೇರ್ ಹೊಲದಿಂದ ಕೇವಲ ಒಂದು ಮಿಲಿಮೀಟರ್ ಮಣ್ಣು ಹೋದರೆ ಅದರ ತೂಕ ಸುಮಾರು 13 ಟನ್ ಆಗುತ್ತದೆ. ಹದಿಮೂರು ಟನ್ ಮಣ್ಣು ಹೋದರೂ ರೈತನಿಗೆ ಅದು ತಿಳಿಯುವುದಿಲ್ಲ. ಇದೇ ಈ ಸವೆತದ ಅಪಾಯ. ಎರಡನೆಯ ಹಂತದಲ್ಲಿ ನೀರು ಅಲ್ಲಲ್ಲಿ ಕೂಡಿಕೊಂಡು ಬೆರಳಗಲದ ಸೀಳುಗಳನ್ನು ಕೊರೆಯುತ್ತದೆ. ಈ ಸೀಳುಗಳನ್ನು ಮುಂದಿನ ಉಳುಮೆಯಲ್ಲಿ ಮುಚ್ಚಬಹುದು. ಮುಚ್ಚದೆ ಬಿಟ್ಟರೆ ಅವು ಒಂದರೊಡನೊಂದು ಸೇರಿ, ಆಳವಾಗಿ, ಎತ್ತು ನೇಗಿಲು ದಾಟಲಾರದ ಕೊರಕಲುಗಳಾಗುತ್ತವೆ. ಅದು ಮೂರನೆಯ ಹಂತ. ನೀರಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಅರುವತ್ತನಾಲ್ಕು ಮಡಿಯಾಗುತ್ತದೆಂದು ಭೂವಿಜ್ಞಾನದ ಒಂದು ಹಳೆಯ ಲೆಕ್ಕ ಹೇಳುತ್ತದೆ. ಆದುದರಿಂದ ಮಣ್ಣನ್ನು ಉಳಿಸುವ ವಿದ್ಯೆಯೆಲ್ಲ ಕೊನೆಗೆ ಹರಿಯುವ ನೀರಿನ ವೇಗವನ್ನು ತಗ್ಗಿಸುವ ವಿದ್ಯೆಯೇ ಆಗಿದೆ.

ಸವೆತ ನಿಸರ್ಗದ ನಿಯಮ. ಬೆಟ್ಟಗಳು ಸವೆದು ಬಯಲಾದುದೂ, ಫಲವತ್ತಾದ ನದೀಮುಖಜ ಭೂಮಿಗಳು ಉಂಟಾದುದೂ ಅದರಿಂದಲೇ. ಆದರೆ ಆ ಸವೆತಕ್ಕೂ ಹೊಸ ಮಣ್ಣಿನ ಹುಟ್ಟಿಗೂ ಒಂದು ಬಗೆಯ ಹೊಂದಾಣಿಕೆ ಇತ್ತು. ಮನುಷ್ಯನ ಅವಸರ ಅದನ್ನು ಕೆಡಿಸಿತು. ಕಾಡು ಕಡಿದಲ್ಲಿ ಹನಿಯ ಹೊಡೆತವನ್ನು ತಡೆಯುವ ಎಲೆಯ ಚಪ್ಪರವೂ, ನೆಲವನ್ನು ಮುಚ್ಚುವ ತರಗೆಲೆಯೂ ಇಲ್ಲದಾದುವು. ದನ, ಕುರಿ, ಮೇಕೆಗಳು ಮಿತಿಮೀರಿ ಮೇದಲ್ಲಿ ಹುಲ್ಲಿನ ಹೊದಿಕೆ ಹೋಯಿತು. ಇಳಿಜಾರಿನ ನೇರಕ್ಕೆ ಉತ್ತಲ್ಲಿ ಪ್ರತಿಯೊಂದು ನೇಗಿಲ ಸಾಲೂ ನೀರು ಓಡುವ ಕಾಲುವೆಯಾಯಿತು. ಬೆಟ್ಟವನ್ನು ಬಗೆದು ಅದಿರು ತೆಗೆಯುವಲ್ಲಿ ಈ ಹಾನಿ ಇನ್ನೂ ತೀವ್ರ. ಭದ್ರಾ ನದಿಯ ಉಗಮದ ಸಮೀಪದಲ್ಲಿರುವ ಕುದುರೆಮುಖದ ಕಬ್ಬಿಣದ ಗಣಿಯಿಂದ ಮಳೆಗಾಲದಲ್ಲಿ ಮಣ್ಣು ನದಿಗೆ ಸೇರುತ್ತಿತ್ತು. ಸುಪ್ರೀಂ ಕೋರ್ಟು 2002ರಲ್ಲಿ ಕೊಟ್ಟ ತೀರ್ಪಿನಂತೆ ಆ ಗಣಿಗಾರಿಕೆ 2005ರ ಕೊನೆಗೆ ನಿಂತಿತು.

ಮಳೆ ಕಡಿಮೆ ಇರುವ ಸೀಮೆಯಲ್ಲಿ ಸವೆತವೂ ಕಡಿಮೆಯೆಂದು ಭಾವಿಸುವುದು ತಪ್ಪು. ಮಲೆನಾಡಿನಲ್ಲಿ ಮಳೆ ವಿಪುಲವಾಗಿದ್ದರೂ ಕಾಡು ಉಳಿದಿರುವ ಕಡೆ ನೆಲಕ್ಕೆ ರಕ್ಷಣೆಯಿದೆ. ವಿಜಯಪುರ, ಬಳ್ಳಾರಿ ಮೊದಲಾದ ಬಯಲುಸೀಮೆಯ ಎರೆಭೂಮಿಯಲ್ಲಿ ಸ್ಥಿತಿ ಬೇರೆ. ಅಲ್ಲಿ ಬಹಳಷ್ಟು ಹೊಲಗಳಲ್ಲಿ ಬಿತ್ತನೆ ನಡೆಯುವುದು ಹಿಂಗಾರಿಗೆ. ಮುಂಗಾರಿನ ರಭಸದ ಮಳೆಗಳು ಬೀಳುವಾಗ ಆ ಹೊಲಗಳು ಬರಿದಾಗಿರುತ್ತವೆ. ಒದ್ದೆಯಾದ ಎರೆಮಣ್ಣು ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುವುದರಿಂದ ನೀರು ಬೇಗ ಇಂಗುವುದೂ ಇಲ್ಲ. ಹೀಗಾಗಿ ನೀರಿಗಾಗಿ ಬಾಯಿ ಬಿಡುವ ನಾಡೇ ಬಂದ ನೀರನ್ನೂ ಇದ್ದ ಮಣ್ಣನ್ನೂ ಒಟ್ಟಿಗೆ ಕಳೆದುಕೊಳ್ಳುತ್ತದೆ.

ಹೊಲ ಬಿಟ್ಟ ಮಣ್ಣು ಎಲ್ಲಿಗೆ ಹೋಗುತ್ತದೆ? ಸಮುದ್ರಕ್ಕೆ ಎಂಬುದು ಸಾಮಾನ್ಯವಾದ ಉತ್ತರ. ಆದರೆ ಅದು ಪೂರ್ಣ ಸತ್ಯವಲ್ಲ. ಭಾರತದಲ್ಲಿ ವರ್ಷಕ್ಕೆ ಸುಮಾರು 533 ಕೋಟಿ ಟನ್ ಮಣ್ಣು ತನ್ನ ಸ್ಥಳದಿಂದ ಕದಲುತ್ತದೆಂದು 1983ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಅವರ ಲೆಕ್ಕದಂತೆ ಅದರಲ್ಲಿ ಸಮುದ್ರ ಸೇರುವುದು ನೂರಕ್ಕೆ 29 ಪಾಲು. ಜಲಾಶಯಗಳಲ್ಲಿ ಕೂರುವುದು 10 ಪಾಲು. ಉಳಿದ 61 ಪಾಲು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿ ತಗ್ಗಿನಲ್ಲಿ, ಹಳ್ಳಗಳಲ್ಲಿ, ಕೆರೆಗಳಲ್ಲಿ ನಿಂತುಬಿಡುತ್ತದೆ. ನೀರಿನ ವೇಗ ಕುಗ್ಗಿದೊಡನೆ ಮೊದಲು ಕಲ್ಲು, ಅನಂತರ ಮರಳು, ಕಡೆಗೆ ನುಣ್ಣನೆಯ ಜೇಡಿ ಕೆಳಗಿಳಿಯುತ್ತವೆ. ಮತ್ತೊಂದು ಮಳೆಗೆ ಅವು ಪುನಃ ಮುಂದೆ ಸಾಗಬಹುದು. ಮಣ್ಣಿನ ಪಯಣ ಹೀಗೆ ನಿಂತು ನಿಂತು, ವರ್ಷಗಟ್ಟಲೆ ನಡೆಯುತ್ತದೆ.

ಆ ಪಯಣಕ್ಕೆ ದೊಡ್ಡ ತಡೆ ಅಣೆಕಟ್ಟು. ಹೊಸಪೇಟೆಯ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಾಗ ಆ ಜಲಾಶಯಕ್ಕೆ ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುವ ಶಕ್ತಿಯಿತ್ತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಹೂಳು ತುಂಬುತ್ತ ಬಂದು ಆ ಶಕ್ತಿ ಈಗ ಸುಮಾರು 106 ಟಿ.ಎಂ.ಸಿ.ಗೆ ಇಳಿದಿದೆ. ಕಡಿಮೆಯಾದ 27 ಟಿ.ಎಂ.ಸಿ. ಜಾಗವನ್ನು ತುಂಬಬಲ್ಲಷ್ಟು ಹೂಳನ್ನು ಒಂದು ಮೀಟರ್ ದಪ್ಪಕ್ಕೆ ಹರಡಿದರೆ ಸುಮಾರು 1,90,000 ಎಕರೆ ನೆಲ ಅದರಡಿ ಮುಚ್ಚಿಹೋದೀತು. ಇಷ್ಟು ಹೂಳನ್ನು ಎತ್ತಿ ಹೊರಹಾಕುವುದಕ್ಕೆ ತಗಲುವ ವೆಚ್ಚವೂ, ಅದನ್ನು ಸುರಿಯಲು ಬೇಕಾದ ಸ್ಥಳವೂ ಊಹೆಗೆ ಮೀರಿದುವು. ಜಲಾಶಯ ಕುಗ್ಗಿದರೆ ಅದರ ಬಿಸಿ ಮೊದಲು ತಟ್ಟುವುದು ಕಾಲುವೆಯ ಕೊನೆಯ ಭಾಗದ ರೈತನಿಗೆ. ಮೇಲಣ ಸೀಮೆಯ ರೈತ ಮಣ್ಣನ್ನು ಕಳೆದುಕೊಂಡ. ಅದೇ ಕಾರಣದಿಂದ ಕೆಳಗಣ ಸೀಮೆಯ ರೈತ ನೀರನ್ನು ಕಳೆದುಕೊಂಡ. ಒಬ್ಬರ ಮುಖವನ್ನೊಬ್ಬರು ಕಾಣದ ಇವರಿಬ್ಬರ ನಷ್ಟ ಒಂದೇ.

ಈ ಸಂಬಂಧವನ್ನು ಹಿಂದಿನವರು ತಮ್ಮ ಊರಿನ ಮಟ್ಟದಲ್ಲಿ ಚೆನ್ನಾಗಿ ಬಲ್ಲವರಾಗಿದ್ದರು. ಕನ್ನಡ ನಾಡಿನಲ್ಲಿ ಕೆರೆಗಳು ಸಾವಿರಾರು. ಬೇಸಗೆಯಲ್ಲಿ ಕೆರೆ ಬತ್ತಿದಾಗ ರೈತರು ಗಾಡಿ ಕಟ್ಟಿಕೊಂಡು ಹೋಗಿ ಕೆರೆಗೋಡನ್ನು ತುಂಬಿ ತಂದು ಹೊಲಕ್ಕೆ ಹಾಕುತ್ತಿದ್ದರು. ಹೊಲದಿಂದ ಜಾರಿದ ಸಾರ ಹೊಲಕ್ಕೆ ಮರಳುತ್ತಿತ್ತು, ಕೆರೆಯೂ ಆಳವಾಗುತ್ತಿತ್ತು. ಈ ವಾಡಿಕೆ ತಪ್ಪಿದ ಊರುಗಳಲ್ಲಿ ಕೆರೆಗಳು ಹೂತು, ಜಾಲಿ ಬೆಳೆಯುವ ಬಯಲುಗಳಾದುವು. ಆದರೆ ಕೆರೆಯ ಹೂಳನ್ನು ಗಾಡಿಯಲ್ಲಿ ಹಿಂದಕ್ಕೆ ತರಬಹುದು. ಮಹಾಜಲಾಶಯದ ಹೂಳನ್ನು ತರಲಾಗದು. ಮಣ್ಣನ್ನು ಅದು ಹೊರಡುವ ಸ್ಥಳದಲ್ಲಿಯೇ ತಡೆಯಬೇಕು.

ತಡೆಯುವ ಉಪಾಯಗಳು ಸರಳವಾದುವು. ಮೊದಲನೆಯದು ಇಳಿಜಾರಿಗೆ ಅಡ್ಡಲಾಗಿ ಉಳುವುದು. ಆಗ ಪ್ರತಿಯೊಂದು ಸಾಲೂ ಒಂದು ಸಣ್ಣ ಒಡ್ಡಾಗಿ ನೀರನ್ನು ನಿಲ್ಲಿಸುತ್ತದೆ. ಎರಡನೆಯದು ಸಮಪಾತಳಿಯ ಬದುಗಳನ್ನು ಹಾಕುವುದು. ಮುಂಬಯಿ ಪ್ರಾಂತ್ಯದಲ್ಲಿ 1942ರಲ್ಲಿ ಭೂಸುಧಾರಣೆಯ ಕಾಯಿದೆ ಬಂದ ಮೇಲೆ, ಆಗ ಆ ಪ್ರಾಂತ್ಯಕ್ಕೆ ಸೇರಿದ್ದ ವಿಜಯಪುರ, ಧಾರವಾಡದ ಸೀಮೆಗಳಲ್ಲಿಯೂ ಬದುಗಳ ಕಾರ್ಯಕ್ಕೆ ಆಧಾರ ದೊರೆಯಿತು. ಆದರೆ ಒಂದು ಮಣ್ಣಿಗೆ ಹಿಡಿಸಿದ ಉಪಾಯ ಇನ್ನೊಂದಕ್ಕೆ ಹಿಡಿಸಲಾರದು. ನೀರು ಬೇಗ ಇಂಗುವ ಮಸಾರಿ ಭೂಮಿಯಲ್ಲಿ ಯಶಸ್ವಿಯಾದ ಬದುಗಳು ಆಳವಾದ ಎರೆಭೂಮಿಯಲ್ಲಿ ತೊಂದರೆ ಕೊಟ್ಟುವು. ಅಲ್ಲಿ ಬದುವಿನ ಹಿಂದೆ ನೀರು ದಿನಗಟ್ಟಲೆ ನಿಂತು ಪೈರು ಕೊಳೆಯಿತು. ಬೇಸಗೆಯಲ್ಲಿ ಬಿರಿದ ಬದುಗಳು ಮಳೆಗಾಲದಲ್ಲಿ ಒಡೆದುವು. ಆದುದರಿಂದ ಅಂಥ ಭೂಮಿಗೆ ತುಸು ಓರೆಯಿಟ್ಟು, ಹೆಚ್ಚಿನ ನೀರನ್ನು ನಿಧಾನವಾಗಿ ಹುಲ್ಲು ಬೆಳೆಸಿದ ಕಾಲುವೆಗೆ ಸಾಗಿಸುವ ಬದುಗಳೇ ಮೇಲೆಂದು ತಿಳಿದುಬಂತು. 1954ರಲ್ಲಿ ಬಳ್ಳಾರಿಯಲ್ಲಿ ಆರಂಭವಾದ ಮಣ್ಣು ಸಂರಕ್ಷಣೆಯ ಸಂಶೋಧನಾ ಕೇಂದ್ರ ಇಂಥ ಎರೆಭೂಮಿಗಳ ಸಮಸ್ಯೆಗಳನ್ನೇ ಅಭ್ಯಾಸ ಮಾಡುತ್ತ ಬಂದಿದೆ.

ಬದುವಿಗೆ ಜೀವ ಬರುವುದು ಹುಲ್ಲಿನಿಂದ. ಗುಂಡ್ಲುಪೇಟೆಯ ಸುತ್ತಿನ ರೈತರು ಹೊಲದ ಎಲ್ಲೆಯಲ್ಲಿ ಲಾವಂಚದ ಸಾಲನ್ನು ಬಹುಕಾಲದಿಂದ ಬೆಳೆಸುತ್ತಿದ್ದರು. ಅದರ ಬೇರುಗಳು ನೇರವಾಗಿ ಆಳಕ್ಕೆ ಇಳಿಯುವುದರಿಂದ ಪಕ್ಕದ ಪೈರಿಗೆ ಬಾಧೆ ಕಡಿಮೆ. ಒತ್ತಾದ ಬುಡಗಳ ನಡುವೆ ನೀರು ಸೋಸಿಹೋಗಿ ಮಣ್ಣು ಹಿಂದೆಯೇ ಉಳಿಯುತ್ತದೆ. ಎಲ್ಲೆಯ ಗುರುತಾಗಿದ್ದ ಈ ಹುಲ್ಲಿನ ಗುಣವನ್ನು 1980ರ ದಶಕದ ಅನಂತರ ಅನೇಕ ದೇಶಗಳ ತಜ್ಞರು ಮನಗಂಡರು. ಇದಲ್ಲದೆ ಸಾಲುಗಳ ನಡುವೆ ನೆಲವನ್ನು ಮುಚ್ಚುವಂತೆ ಹುರುಳಿ, ಅಲಸಂದೆಗಳನ್ನು ಬೆಳೆಯುವುದು, ಕೊರಕಲುಗಳಿಗೆ ಅಡ್ಡಲಾಗಿ ಕಲ್ಲಿನ ಸಣ್ಣ ತಡೆಗಳನ್ನು ಕಟ್ಟುವುದು, ಗುಡ್ಡದ ನೆತ್ತಿಯಲ್ಲಿ ಮರ ಬೆಳೆಸುವುದು ಇವೆಲ್ಲ ಒಂದೇ ಸರಪಳಿಯ ಕೊಂಡಿಗಳು. ಕೆಲಸ ಯಾವಾಗಲೂ ಮೇಲಿನಿಂದ ಕೆಳಕ್ಕೆ ಸಾಗಬೇಕು. ಗುಡ್ಡವನ್ನು ಮರೆತು ಹಳ್ಳದಲ್ಲಿ ಕಟ್ಟಿದ ತಡೆ ಕೆಲವೇ ಮಳೆಗಳಲ್ಲಿ ಹೂತುಹೋಗುತ್ತದೆ.

ಉಪಾಯಗಳು ಇಷ್ಟು ಸರಳವಾಗಿದ್ದರೆ ಅವು ಎಲ್ಲೆಡೆಯೂ ಏಕೆ ನಡೆಯುವುದಿಲ್ಲ? ಬದು ಹಾಕುವ ದುಡಿಮೆ ಮೇಲಿನವನದು. ಹೂಳು ತಪ್ಪಿದ ಲಾಭ ಕೆಳಗಿನವನದು. ಈ ತೊಡಕನ್ನು ಬಿಡಿಸಿದ ಒಂದು ಹಳ್ಳಿ ಹರಿಯಾಣ ರಾಜ್ಯದಲ್ಲಿದೆ. ಚಂಡೀಗಢ ನಗರಕ್ಕಾಗಿ 1958ರಲ್ಲಿ ನಿರ್ಮಿಸಿದ ಸುಖನಾ ಸರೋವರ ಬೇಗನೆ ಹೂಳಿನಿಂದ ತುಂಬತೊಡಗಿತು. ಮಣ್ಣು ಸಂರಕ್ಷಣೆಯ ತಜ್ಞ ಪಿ. ಆರ್. ಮಿಶ್ರಾ ಅವರು ಹೂಳಿನ ಜಾಡನ್ನು ಹಿಡಿದು ಹೋದಾಗ ಶಿವಾಲಿಕ ಬೆಟ್ಟಗಳ ಸುಖೋಮಾಜ್ರಿ ಎಂಬ ಬಡಹಳ್ಳಿಯನ್ನು ತಲಪಿದರು. ಅಲ್ಲಿನ ಗುಡ್ಡಗಳು ದನ ಮೇಕೆಗಳ ಮೇಯುವಿಕೆಯಿಂದ ಬೋಳಾಗಿದ್ದುವು. ಮೇಕೆಗಳನ್ನು ಬಿಟ್ಟರೆ ಅಲ್ಲಿನವರಿಗೆ ಬೇರೆ ಆಸರೆಯೂ ಇರಲಿಲ್ಲ. 1970ರ ದಶಕದ ಉತ್ತರಾರ್ಧದಲ್ಲಿ ಗುಡ್ಡದ ಬುಡದಲ್ಲಿ ಮಣ್ಣಿನ ಸಣ್ಣ ಕಟ್ಟೆಗಳು ಎದ್ದುವು. ಕಟ್ಟೆಯ ನೀರು ಹಳ್ಳಿಯ ಹೊಲಗಳಿಗೇ ಹರಿಯಿತು. ಆ ನೀರಿನಲ್ಲಿ ಭೂಮಿಯುಳ್ಳವರಿಗೂ ಇಲ್ಲದವರಿಗೂ ಸೇರಿ ಪ್ರತಿ ಮನೆಗೂ ಸಮಪಾಲು ಎಂದು ಗೊತ್ತಾಯಿತು. ಗುಡ್ಡ ಸವೆದರೆ ತಮ್ಮ ಕಟ್ಟೆಯೇ ಹೂಳುತ್ತದೆಂಬುದು ಎಲ್ಲರಿಗೂ ಮನವರಿಕೆಯಾಯಿತು. ಬೇಲಿಯಾಗಲಿ ಕಾವಲುಗಾರನಾಗಲಿ ಇಲ್ಲದೆಯೇ ಹಳ್ಳಿಯವರು ಗುಡ್ಡಕ್ಕೆ ದನ ಬಿಡುವುದನ್ನು ನಿಲ್ಲಿಸಿದರು. ಗುಡ್ಡದಲ್ಲಿ ಹುಲ್ಲು ಬೆಳೆಯಿತು. ಅಲ್ಲಿಂದ ಸರೋವರಕ್ಕೆ ಇಳಿಯುತ್ತಿದ್ದ ಹೂಳು ಬಹಳಮಟ್ಟಿಗೆ ತಗ್ಗಿತು. ನಗರದ ಸರೋವರವನ್ನು ಉಳಿಸುವ ದಾರಿ ಹಳ್ಳಿಯ ಬಡತನವನ್ನು ನೀಗುವ ದಾರಿಯೇ ಆಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು.

ನದಿಯೊಂದರ ಜಲಾನಯನ ಪ್ರದೇಶದಲ್ಲಿ ಬಾಳುವವರೆಲ್ಲ ಒಂದೇ ಮನೆಯವರಿದ್ದಂತೆ. ತುಂಗೆ ಭದ್ರೆಯರು ಹುಟ್ಟುವ ಬೆಟ್ಟದ ತಪ್ಪಲಿನಿಂದ ಹಿಡಿದು ಕಾಲುವೆಯ ಕೊನೆಯ ಗದ್ದೆಯವರೆಗೆ ಮಣ್ಣೂ ನೀರೂ ಅವರನ್ನು ಒಂದಾಗಿ ಕಟ್ಟಿವೆ. ಗುಡ್ಡದ ಹೊಲದಲ್ಲಿ ಹಾಕಿದ ಒಂದು ಬದು ಅಲ್ಲಿನ ಪೈರನ್ನೂ ಕಾಯುತ್ತದೆ, ನೂರಾರು ಮೈಲಿ ಆಚೆಯ ಗದ್ದೆಯ ನೀರನ್ನೂ ಕಾಯುತ್ತದೆ. ಅಂಥ ಬದುಗಳು ಸಾವಿರ ಸಾವಿರವಾಗಿ ಎದ್ದಾಗ ಮಳೆಗಾಲದ ಹೊಳೆಯಿಂದ ತುಂಬಿಟ್ಟ ಲೋಟದ ತಳದಲ್ಲಿ ಕೆಸರು ತೆಳ್ಳಗಾಗುತ್ತ ಬಂದೀತು. ಆಗ ‘ಹೊಸ ನೀರು ಬಂತು’ ಎಂದು ದಡದ ಜನ ಹಿಗ್ಗುವಾಗ, ಮೇಲಣ ಸೀಮೆಯಲ್ಲಿ ಯಾವ ರೈತನ ಹೊಲವೂ ಆ ನೀರಿನೊಡನೆ ಹರಿದುಹೋಗಿರುವುದಿಲ್ಲ.