ಮನೆಯ ಕಂಪ್ಯೂಟರಿನ ಲೆಕ್ಕಪತ್ರಕ್ಕೆ ಎರಡನೆಯ ಪ್ರತಿ

ಈಚಿನ ವರ್ಷಗಳಲ್ಲಿ ಅನೇಕ ಬೆಳೆಗಾರರ ಮನೆಗಳಲ್ಲಿ ತೋಟದ ಲೆಕ್ಕ ಕಂಪ್ಯೂಟರ್ ಸೇರಿದೆ. ಕೂಲಿ ಬಟವಾಡೆ, ಬೋರ್ಡೋ ಸಿಂಪಡಿಸಿದ ದಿನಾಂಕ, ಕಾಫಿ ಮಾರಿದ ಬಿಲ್ಲು, ಸರ್ವೆ ನಕ್ಷೆಯ ಪ್ರತಿ, ಜೊತೆಗೆ ಮಕ್ಕಳ ಮದುವೆಯ ಫೋಟೋಗಳು, ಎಲ್ಲವೂ ಅದರಲ್ಲೇ. ಪಹಣಿ ಕಳೆದರೆ ಮತ್ತೆ ಪಡೆಯಬಹುದು. ಹತ್ತು ವರ್ಷದ ಮಳೆ ಲೆಕ್ಕವನ್ನಾಗಲಿ, ಯಾವ ತಾಕಿನಲ್ಲಿ ಎಷ್ಟು ಗಿಡ ಕಾಂಡಕೊರಕಕ್ಕೆ ಹೋದವೆಂಬುದನ್ನಾಗಲಿ ಯಾವ ಕಚೇರಿಯೂ ಕೊಡಲಾರದು. ಇವನ್ನು ಹೊತ್ತ ಹಾರ್ಡ್‌ಡಿಸ್ಕ್ ಕೆಡುವಾಗ ಮುನ್ಸೂಚನೆ ಕೊಟ್ಟೇ ಕೆಡುತ್ತದೆಂಬ ಭರವಸೆಯಿಲ್ಲ.

ಮನೆಯಲ್ಲಿ ಎರಡು ಮೂರು ಕಂಪ್ಯೂಟರ್‌ಗಳಿದ್ದರೆ ನೆಟ್‌ವರ್ಕ್ ಸಂಗ್ರಹ ಪೆಟ್ಟಿಗೆಯೊಂದನ್ನು ಕೊಳ್ಳುವ ವಿಚಾರ ಮಾಡಬಹುದು. ಅಂಗಡಿಯವರು ಇದನ್ನು ನ್ಯಾಸ್ ಎನ್ನುತ್ತಾರೆ. ಒಂದೆರಡು ಹಾರ್ಡ್‌ಡಿಸ್ಕ್ ಹಿಡಿಸುವ ಸಣ್ಣ ಪೆಟ್ಟಿಗೆ. ಇಂಟರ್ನೆಟ್ಟಿನ ರೌಟರಿಗೆ ತಂತಿಯಿಂದ ಜೋಡಿಸಿಟ್ಟರೆ ಮನೆಯ ಎಲ್ಲ ಕಂಪ್ಯೂಟರ್‌ಗಳೂ ರಾತ್ರಿ ಹೊತ್ತು ತಾವಾಗಿಯೇ ಅದಕ್ಕೆ ಪ್ರತಿ ಕಳಿಸುತ್ತವೆ. ಕಂಪ್ಯೂಟರ್ ಒಂದೇ ಇದ್ದರೆ ಇದು ಬೇಕಿಲ್ಲ. ಹೊರಗಿನಿಂದ ಜೋಡಿಸುವ ಎರಡು ಡಿಸ್ಕುಗಳು ಸಾಕು, ಹಣವೂ ಉಳಿಯುತ್ತದೆ.

ಎಷ್ಟು ದೊಡ್ಡದು ಬೇಕು? 5 ಮೆಗಾಬೈಟಿನ ಫೋಟೋ ಎಂದು ಹಿಡಿದರೆ 1 ಟೆರಾಬೈಟಿನಲ್ಲಿ ಸುಮಾರು 2 ಲಕ್ಷ ಫೋಟೋ ಹಿಡಿಯುತ್ತವೆ. ಲೆಕ್ಕಪತ್ರಗಳು ನುಂಗುವ ಜಾಗ ಲೆಕ್ಕಕ್ಕೇ ಇಲ್ಲ. ವಿಡಿಯೋ ಹುಚ್ಚು ಇಲ್ಲದ ಮನೆಗೆ 4 ಟೆರಾಬೈಟಿನ ಎರಡು ಡಿಸ್ಕು ಧಾರಾಳ.

ಡಿಸ್ಕು ಆರಿಸುವಾಗ ಒಂದು ವಿಷಯ ವಿಚಾರಿಸತಕ್ಕದ್ದು. ಕೆಲವು ಡಿಸ್ಕುಗಳು ಮಂಗಳೂರು ಹೆಂಚು ಹೊದಿಸಿದಂತೆ ಒಂದು ಸಾಲಿನ ಅಂಚಿನ ಮೇಲೆ ಇನ್ನೊಂದು ಸಾಲು ಬರೆಯುತ್ತವೆ. ನಡುವಿನ ಹೆಂಚು ಬದಲಿಸಲು ಅಕ್ಕಪಕ್ಕದವನ್ನೂ ಎತ್ತಬೇಕಲ್ಲವೇ? ಹಾಗೆಯೇ ಇವು ಪದೇ ಪದೇ ತಿದ್ದಿ ಬರೆಯುವ ಕೆಲಸದಲ್ಲಿ ನಿಧಾನ. ಇಂಥ ಪೆಟ್ಟಿಗೆಗಳಿಗೆಂದೇ ವೆಸ್ಟರ್ನ್ ಡಿಜಿಟಲ್ ಮಾರುತ್ತಿದ್ದ ರೆಡ್ ಶ್ರೇಣಿಯ ಕೆಲವು ಡಿಸ್ಕುಗಳೂ ಈ ಜಾತಿಯವೆಂದು 2020ರಲ್ಲಿ ಹೊರಬಿತ್ತು. ಆದ್ದರಿಂದ ‘ಸಿ.ಎಂ.ಆರ್.’ ಡಿಸ್ಕೇ ಬೇಕೆಂದು ಕೇಳಿ ಪಡೆಯಬೇಕು.

ಎರಡು ಡಿಸ್ಕಿನ ಪೆಟ್ಟಿಗೆಯಲ್ಲಿ ಒಂದಕ್ಕೆ ಬರೆದದ್ದು ಇನ್ನೊಂದರಲ್ಲೂ ತಾನಾಗಿ ಮೂಡುವಂತೆ ಮಾಡಬಹುದು. ಒಂದು ಕೆಟ್ಟರೂ ಕೆಲಸ ನಿಲ್ಲದು. ಆದರೆ ಇದನ್ನೇ ಎರಡು ಪ್ರತಿ ಎಂದು ನಂಬಿ ಕೂರುವುದು ಸರಿಯಲ್ಲ. ಒಂದೇ ಅಂಗಳದಲ್ಲಿ ಅಡಿಕೆಯನ್ನು ಎರಡು ರಾಶಿ ಮಾಡಿದರೆ ಮಳೆ ಎರಡನ್ನೂ ನೆನೆಸುತ್ತದೆ. ತಪ್ಪಿ ಅಳಿಸಿದ ಕಡತ ಎರಡರಲ್ಲೂ ಅಳಿಯುತ್ತದೆ. ಸಿಡಿಲು ಹೊಡೆದರೆ ಎರಡೂ ಹೋಗಬಹುದು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಮನೆಗಳೇ ಉಳಿಯಲಿಲ್ಲ. ಮರುವರ್ಷ ಅದೇ ತಿಂಗಳು ಬಯಲುಸೀಮೆಯ ಮುಧೋಳದ ಕಡೆ ಘಟಪ್ರಭೆ ಊರುಗಳಿಗೆ ನುಗ್ಗಿತು.

ಆ ಮುಧೋಳ ತಾಲ್ಲೂಕಿನಲ್ಲೇ ರನ್ನ ಬೆಳಗಲಿ ಇದೆ, ಕವಿ ರನ್ನನ ಊರು. ಅವನ ‘ಅಜಿತಪುರಾಣ’ ಮತ್ತು ‘ಗದಾಯುದ್ಧ’ ನಮಗೆ ಸಿಕ್ಕಿವೆ. ‘ಪರಶುರಾಮಚರಿತ’, ‘ಚಕ್ರೇಶ್ವರಚರಿತ’ಗಳ ಹೆಸರು ಮಾತ್ರ ಉಳಿದಿದೆ, ಓಲೆಗರಿ ಒಂದೂ ಕೈಗೆ ಬಂದಿಲ್ಲ. 993ರಲ್ಲಿ ‘ಅಜಿತಪುರಾಣ’ವನ್ನು ಬರೆಸಿದ ಅತ್ತಿಮಬ್ಬೆ, ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ಆ ಕಾವ್ಯ ಇಂದಿಗೂ ಓದಲು ಸಿಗುತ್ತದೆ. ಆಕೆ ಸಾವಿರ ಪ್ರತಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಡಲಿಲ್ಲ, ಹಂಚಿದಳು ಎಂಬುದು ನಮಗೆ ಬೇಕಾದ ಮಾತು.

ಹಾಗಾಗಿ ಪೆಟ್ಟಿಗೆಗೆ ಕೊಡುವ ಹಣದಲ್ಲೇ ಇನ್ನೊಂದು ಬಿಡಿ ಡಿಸ್ಕಿಗೂ ಪಾಲು ತೆಗೆದಿಡಬೇಕು. ತಿಂಗಳಿಗೊಮ್ಮೆ ಅದಕ್ಕೆ ಪ್ರತಿ ಮಾಡಿ, ಪೇಟೆಯಲ್ಲಿರುವ ಮಗಳ ಮನೆಯಲ್ಲೋ ಬ್ಯಾಂಕಿನ ಲಾಕರಿನಲ್ಲೋ ಇಟ್ಟರೆ ಆಯಿತು. ಇದಕ್ಕೆ ಹಣ ಸಾಲದಿದ್ದರೆ ಪೆಟ್ಟಿಗೆಯನ್ನು ಬಿಡಿ, ಡಿಸ್ಕನ್ನು ಬಿಡಬೇಡಿ ಎಂಬುದೇ ನಮ್ಮ ಅಭಿಪ್ರಾಯ.

ಪೆಟ್ಟಿಗೆಯನ್ನು ಹೊರಊರಿನಿಂದಲೂ ತೆರೆಯಬಹುದೆಂದು ಅಂಗಡಿಯವರು ಹೊಗಳುವುದುಂಟು. ಅಗತ್ಯವಿಲ್ಲದಿದ್ದರೆ ಆ ಬಾಗಿಲು ಮುಚ್ಚಿಯೇ ಇರಲಿ. 2021ರ ಜೂನ್‌ನಲ್ಲಿ ‘ಮೈ ಬುಕ್ ಲೈವ್’ ಎಂಬ ಹಳೆಯ ಪೆಟ್ಟಿಗೆಗಳಿಗೆ ಇಂಟರ್ನೆಟ್ ಮೂಲಕ ಯಾರೋ ನುಗ್ಗಿ, ಅನೇಕರ ಕಡತಗಳು ಒಂದೇ ಏಟಿಗೆ ಅಳಿಸಿಹೋದವು. ಆ ಮಾದರಿಗೆ 2015ರ ನಂತರ ಕಂಪನಿ ಯಾವ ದುರಸ್ತಿಯನ್ನೂ ಕಳಿಸಿರಲಿಲ್ಲ. ಎಷ್ಟು ವರ್ಷ ದುರಸ್ತಿ ಬರುತ್ತದೆಂದು ಕೊಳ್ಳುವಾಗಲೇ ಕೇಳಿ. ಕಡತಗಳ ಹಿಂದಿನ ದಿನಗಳ ರೂಪವನ್ನೂ ಉಳಿಸಿಕೊಳ್ಳುವ ಸೌಲಭ್ಯ ಇದೆಯೇ ಎಂದೂ ನೋಡಿ.

ಕರೆಂಟು ಹೋಗಿ ಬರುವ ನಮ್ಮ ಕಡೆ ಯುಪಿಎಸ್ ಇಲ್ಲದೆ ಇದನ್ನು ನಡೆಸಬಾರದು. ಬರೆಯುತ್ತಿರುವಾಗ ಕರೆಂಟು ಕೈಕೊಟ್ಟರೆ ಕಡತಗಳು ಹಾಳಾಗಬಹುದು. ಗುಡುಗು ಶುರುವಾದರೆ ಸರಿಯಾಗಿ ಬಂದ್ ಮಾಡಿ, ಪ್ಲಗ್ಗಿನ ಜೊತೆ ರೌಟರಿನ ತಂತಿಯನ್ನೂ ಕಿತ್ತಿಡಬೇಕು. ಸಿಡಿಲು ಆ ತಂತಿಯಲ್ಲೂ ಬರುತ್ತದೆ. ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಯ ಪಕ್ಕ ಇಡುವುದು ಬೇಡ.

ರೌಟರು 100 ಮೆಗಾಬಿಟ್ಟಿನದಾದರೆ 500 ಗಿಗಾಬೈಟಿನ ಮೊದಲ ಪ್ರತಿಗೆ ಸುಮಾರು ಹನ್ನೆರಡು ತಾಸು ಹಿಡಿಯುತ್ತದೆ, ಗಿಗಾಬಿಟ್ಟಿನದಾದರೆ ಒಂದೂಕಾಲು ತಾಸು. ಪ್ರತಿ ಮುಗಿದ ಮೇಲೆ ಯಾವುದಾದರೂ ಹಳೆಯ ವರ್ಷದ ಲೆಕ್ಕದ ಕಡತವನ್ನು ಪೆಟ್ಟಿಗೆಯಿಂದ ಬೇರೊಂದು ಕಂಪ್ಯೂಟರಿಗೆ ತಂದು ತೆರೆದು ನೋಡಿ. ಬಿಡಿ ಡಿಸ್ಕಿನಿಂದಲೂ ಇದೇ ಪರೀಕ್ಷೆ ಆಗಬೇಕು. ಪ್ರತಿ ವರ್ಷ ಮುಂಗಾರಿಗೆ ಮೊದಲು, ಕೊಳೆರೋಗಕ್ಕೆ ಮೈಲುತುತ್ತು ತರುವ ಹೊತ್ತಿಗೆ, ಇದನ್ನೂ ಮಾಡಿ ಮುಗಿಸುವುದು ಅನುಕೂಲ.