ಅಪ್ಪನ ಜೋಂಗಾ

ಸೇನೆಯಲ್ಲಿ ಗಾಡಿ ಓಡಿಸಿದವರ ಮನೆಯಲ್ಲಿ ಬೆಳೆದವರಿಗೆ 'ಫಸ್ಟ್ ಪರೇಡ್' ಎಂದರೇನು ಎಂದು ಹೇಳಬೇಕಿಲ್ಲ. ಬೆಳಿಗ್ಗೆ ಗಾಡಿ ಹೊರಡುವ ಮುಂಚೆ ಡ್ರೈವರ್ ತಾನೇ ಬಾನೆಟ್ ಎತ್ತಿ ಎಣ್ಣೆ, ನೀರು, ಬೆಲ್ಟು, ಬ್ಯಾಟರಿ ನೋಡಬೇಕು. ಟಯರಿನ ಗಾಳಿ ನೋಡಬೇಕು. ಬಗ್ಗಿ ಅಡಿಯಲ್ಲಿ ಎಲ್ಲಾದರೂ ತೊಟ್ಟಿಕ್ಕುತ್ತಿದೆಯೇ ಎಂದು ಹುಡುಕಬೇಕು. ದಾರಿಯಲ್ಲಿ ನಿಂತಾಗ ಹಾಲ್ಟ್ ಪರೇಡ್, ಸಂಜೆ ಮರಳಿದ ಮೇಲೆ ಲಾಸ್ಟ್ ಪರೇಡ್. ಅಪ್ಪ ನಿವೃತ್ತರಾಗಿ ಸೋಮವಾರಪೇಟೆ ಕಡೆಯ ನಮ್ಮೂರಿಗೆ ಬಂದ ಮೇಲೆ ಓಡಿಸಿದ್ದು ಒಂದು ಸ್ಕೂಟರು, ಆಮೇಲೆ ಒಂದು ಸಣ್ಣ ಕಾರು. ಎರಡಕ್ಕೂ ಒಂದು ದಿನವೂ ಫಸ್ಟ್ ಪರೇಡ್ ತಪ್ಪಲಿಲ್ಲ. ಆದರೆ ಗಾಡಿಯ ಮಾತು ಎಲ್ಲಿಂದ ಶುರುವಾದರೂ ಹೋಗಿ ನಿಲ್ಲುತ್ತಿದ್ದುದು ಜೋಂಗಾದ ಹತ್ತಿರ. ಅವರಿಗೆ 75 ತುಂಬುವಾಗ ಏನು ಕೊಡೋಣ ಎಂದು ಅಣ್ಣ ಕೇಳಿದ. ನಾವಿಬ್ಬರೂ ಹೆಚ್ಚು ಯೋಚಿಸಲಿಲ್ಲ.

ಜೋಂಗಾ ಎಂಬುದು 'ಜಬಲ್‌ಪುರ್ ಆರ್ಡ್‌ನೆನ್ಸ್ ಅಂಡ್ ಗನ್‌ಕ್ಯಾರೇಜ್ ಅಸೆಂಬ್ಲಿ' ಎಂಬ ಉದ್ದ ಹೆಸರನ್ನು ಗಿಡ್ಡ ಮಾಡಿ ಕಟ್ಟಿದ ಪದ. ಜಪಾನಿನ ನಿಸಾನ್ ಪ್ಯಾಟ್ರೋಲ್ ಎಂಬ ಜೀಪಿನ 60ನೇ ಸರಣಿಯ ವಿನ್ಯಾಸವನ್ನು ಪಡೆದು ಜಬಲ್‌ಪುರದ ವೆಹಿಕಲ್ ಫ್ಯಾಕ್ಟರಿಯಲ್ಲಿ 1969ರಿಂದ 1999ರವರೆಗೆ ಇದನ್ನು ತಯಾರಿಸಿದರು. ಸಾಲಾಗಿ ನಿಂತ ಆರು ಸಿಲಿಂಡರು, 3,956 ಸಿಸಿಯ ಪೆಟ್ರೋಲ್ ಎಂಜಿನ್. ಅಧಿಕಾರಿಗಳ ಓಡಾಟಕ್ಕೆ, ಆಂಬುಲೆನ್ಸಾಗಿ, 106 ಎಂಎಂ ರಿಕಾಯಿಲ್‌ಲೆಸ್ ಗನ್ ಹೊರುವುದಕ್ಕೆ, ಎಲ್ಲಕ್ಕೂ ಇದೇ. ಅದಕ್ಕೂ ಹಿಂದೆ ನಮ್ಮ ಸೇನೆಯಲ್ಲಿದ್ದುದು ವಿಲ್ಲೀಸ್ ವಂಶದ ಜೀಪುಗಳು. 1965ರ ಸೆಪ್ಟೆಂಬರಿನಲ್ಲಿ ಖೇಮ್‌ಕರಣ್ ಕಡೆಯ ಕಬ್ಬಿನ ಗದ್ದೆಗಳ ನಡುವೆ ಹವಾಲ್ದಾರ್ ಅಬ್ದುಲ್ ಹಮೀದ್ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಎದುರಿಸಿದ್ದು ಜೀಪಿನ ಮೇಲೆ ಕೂರಿಸಿದ ಇಂಥದೇ ಗನ್ನಿನಿಂದ. ಮರಣೋತ್ತರವಾಗಿ ಅವರಿಗೆ ಪರಮವೀರ ಚಕ್ರ ಸಂದಿತು.

ಹಳೆಯ ಸೇನಾ ಗಾಡಿಗಳಿಗೆ ನಮ್ಮ ಕಡೆ 'ಡಿಸ್ಪೋಸಲ್ ಗಾಡಿ' ಎನ್ನುತ್ತಾರೆ. ಸೇವೆ ಮುಗಿದವನ್ನು ಸೇನೆ ಹರಾಜು ಹಾಕುತ್ತದೆ. ಉತ್ತರದಲ್ಲಿ ಮಂಡಿ ಡಬ್ವಾಲಿ ಎಂಬ ಊರು ಇವನ್ನು ಬಿಚ್ಚಿ ಜೋಡಿಸಿ ಮಾರುವುದಕ್ಕೇ ಹೆಸರುವಾಸಿ. ನಮ್ಮ ಮಲೆನಾಡಿನ ತೋಟಗಳಿಗೂ ಇವು ಬಹಳ ಬಂದವು. ಕೆಸರು, ಏರು, ಹಳ್ಳ ಯಾವುದಕ್ಕೂ ಹೆದರದ ನಾಲ್ಕು ಚಕ್ರದ ಎಳೆತ ಕಾಫಿ ಬೆಳೆಗಾರರಿಗೆ ಬೇಕಾಗಿತ್ತು. ನಮಗೆ ಜೋಂಗಾ ಸಿಕ್ಕಿದ್ದು ಸಕಲೇಶಪುರ ಕಡೆಯ ಒಂದು ತೋಟದ ಶೆಡ್ಡಿನಲ್ಲಿ. ಮೆಣಸು ಕೊಯ್ಯುವ ಬಿದಿರೇಣಿಗಳನ್ನೆಲ್ಲ ಅದಕ್ಕೇ ಒರಗಿಸಿಟ್ಟಿದ್ದರು. ಟಯರು ನಾಲ್ಕೂ ಮಣ್ಣಿಗೆ ಕೂತಿದ್ದವು. ಆದರೆ ಬಾನೆಟ್ ಎತ್ತಿದಾಗ ಒಳಗೆ ಆರು ಸಿಲಿಂಡರಿನ ಆ ಉದ್ದನೆಯ ಎಂಜಿನ್ನೇ ಇತ್ತು. ಇದು ಸಣ್ಣ ವಿಷಯವಲ್ಲ. ಜೋಂಗಾ ಪೆಟ್ರೋಲು ಕುಡಿಯುವುದಕ್ಕೆ ಕುಖ್ಯಾತ. ಆದ್ದರಿಂದ ಕೊಂಡವರು ಮೊದಲು ಮಾಡುವ ಕೆಲಸ ಆ ಎಂಜಿನ್ ಕಿತ್ತು ಯಾವುದಾದರೂ ಡೀಸೆಲ್ ಎಂಜಿನ್ ಕೂರಿಸುವುದು. ಹಾಗೆ ಕಿತ್ತ ಮೇಲೆ ಉಳಿಯುವುದು ಜೋಂಗಾದ ತಗಡು ಮಾತ್ರ, ಜೋಂಗಾ ಅಲ್ಲ ಎಂದು ನಾನು ನಂಬುತ್ತೇನೆ.

ಮೊದಲು ಒಯ್ದ ಗ್ಯಾರೇಜಿನಲ್ಲಿ ಒಂದು ತಿಂಗಳು ಹಾಳಾಯಿತು. ಅಲ್ಲಿ ತುಕ್ಕು ಹಿಡಿದ ಜಾಗಕ್ಕೆಲ್ಲ ಪುಟ್ಟಿ ಮೆತ್ತಿ, ಮೇಲೆ ಬಣ್ಣ ಹೊಡೆಯುವ ಅಂದಾಜಿನಲ್ಲಿದ್ದರು. ಒಂದು ಮಳೆಗಾಲ ಕಳೆದರೆ ಪುಟ್ಟಿಯ ಅಡಿಯಿಂದ ತುಕ್ಕು ಮತ್ತೆ ಉಬ್ಬಿಕೊಂಡು ಬರುತ್ತದೆ. ಅಲ್ಲಿಂದ ಬಿಡಿಸಿಕೊಂಡು ಕುಶಾಲನಗರದ ಕಡೆಯ ಒಬ್ಬ ಹಳೆಯ ಮೇಸ್ತ್ರಿಯ ಬಳಿಗೆ ತಂದೆವು. ಅವರು ಒಂದು ವಾರ ಸ್ಪ್ಯಾನರ್ ಮುಟ್ಟಲಿಲ್ಲ. ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ ಎಂದರು. ಯಾವ ಪೈಪು ಯಾವುದರ ಹಿಂದಿನಿಂದ ಹೋಗುತ್ತದೆ, ಯಾವ ವಯರಿಗೆ ಯಾವ ಬಣ್ಣ, ಎಲ್ಲವೂ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಹಾಲಿನ ಪುಡಿಯ ಡಬ್ಬಗಳಲ್ಲಿ ಹಾಕಿ ಚೀಟಿ ಅಂಟಿಸಿದರು. ಬಿಗಿದ ಬೋಲ್ಟಿಗೆ ಸಂಜೆ ಎಣ್ಣೆ ಬಿಟ್ಟು ಬೆಳಿಗ್ಗೆ ಬಿಸಿ ಮಾಡಿ ತಿರುಗಿಸುವರು. ಬರದಿದ್ದರೆ ಮತ್ತೆ ಎಣ್ಣೆ, ಮತ್ತೊಂದು ದಿನ. ಅವಸರ ಮಾಡಿದರೆ ಬೋಲ್ಟಿನ ತಲೆ ಕಿತ್ತು ಬರುತ್ತದೆ, ಮತ್ತೆ ಅಂಥದೇ ಬೋಲ್ಟಿಗೆ ಎಲ್ಲಿ ಹೋಗುವುದು?

ಈ ಕಸುಬಿನಲ್ಲಿ ಹೊಸದನ್ನು ಹಾಕುವುದು ಸುಲಭ, ಹಳೆಯದನ್ನು ಉಳಿಸಿಕೊಳ್ಳುವುದು ಕಷ್ಟ. ನೆಲದ ತಗಡು ಕೊಳೆತಿದ್ದಷ್ಟನ್ನೇ ಕತ್ತರಿಸಿ ಅದೇ ದಪ್ಪದ ತಗಡನ್ನು ಗ್ಯಾಸ್ ವೆಲ್ಡಿಂಗಿನಲ್ಲಿ ಸೇರಿಸಿದರು. ಬ್ರೇಕಿನ ರಬ್ಬರು, ಪೆಟ್ರೋಲ್ ಪೈಪು, ಟಯರು ಇವುಗಳಲ್ಲಿ ಹಳೆಯದರ ಮೋಹ ಬೇಡ, ಜೀವದ ವಿಷಯ, ಎಲ್ಲವನ್ನೂ ಬದಲಾಯಿಸಿದೆವು. ಕೆಲವು ಬಿಡಿಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕವು, ಕೆಲವು ಶಿವಾಜಿನಗರದ ಗುಜರಿಯಲ್ಲಿ. ಎಲ್ಲೂ ಸಿಗದಿದ್ದವನ್ನು ಲೇತಿನಲ್ಲಿ ಮಾಡಿಸಿದೆವು.

ಬಣ್ಣ ಉಜ್ಜುವ ದಿನ ನಾನು ಅಲ್ಲಿದ್ದೆ. ಮೇಲೆ ತೋಟದವರು ಹೊಡೆಸಿದ ನೀಲಿ. ಅದರ ಕೆಳಗೆ ಹಸಿರು, ಅದರ ಕೆಳಗೆ ಇನ್ನೊಂದು ಹಸಿರು. ಹಿಂಬದಿಯಲ್ಲಿ ನಿಧಾನಕ್ಕೆ ಮರಳುಕಾಗದ ಆಡಿಸುತ್ತಿದ್ದಾಗ ಬಿಳಿ ಗುರುತೊಂದು ಮಂಜಿನೊಳಗಿನಿಂದ ಬಂದಂತೆ ಕಂಡಿತು: ಮೇಲ್ಮುಖದ ಬಾಣ, ಪಕ್ಕದಲ್ಲಿ 72. ಸೇನೆಯ ಗಾಡಿಗಳ ಸಂಖ್ಯೆ ಬಾಣದಿಂದ ಶುರುವಾಗುತ್ತದೆ. ನಂತರದ ಎರಡು ಅಂಕಿ ಗಾಡಿ ಸೇನೆಗೆ ಸೇರಿದ ವರ್ಷ. 1972ರಲ್ಲಿ ಅಪ್ಪ ಇನ್ನೂ ಹೊಸ ಜವಾನ.

ಅಷ್ಟರವರೆಗೂ ಅಪ್ಪನಿಗೆ ಏನೂ ಹೇಳಿರಲಿಲ್ಲ. ಹುಟ್ಟುಹಬ್ಬದ ದಿನ ಬಾಗಿಲಿಗೆ ತಂದು ನಿಲ್ಲಿಸಬೇಕೆಂಬ ಆಸೆ. ಎಂಜಿನ್ ಕೂರಿಸಿದ ಮೇಲೆ ಆ ಗುಟ್ಟು ಉಳಿಯಲಿಲ್ಲ. ಎಷ್ಟು ಸಲ ಸ್ಟಾರ್ಟ್ ಮಾಡಿದರೂ ಕಾರ್ಬೊರೇಟರಿನಿಂದ ಪಟಾಕಿಯಂತೆ ಸದ್ದು, ಮತ್ತೆ ಮೌನ. ಕೊನೆಗೆ ಅಣ್ಣ ಫೋನು ಮಾಡಿ ಅಪ್ಪನನ್ನು ಕರೆಸಿದ. ಬಂದವರು ಗಾಡಿಯನ್ನು ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. ಆಮೇಲೆ ಕನ್ನಡಕ ಒರೆಸಿಕೊಂಡು ಡಿಸ್ಟ್ರಿಬ್ಯೂಟರಿನ ವಯರುಗಳನ್ನು ಬೆರಳಲ್ಲಿ ಹಿಡಿದು, "ಒಂದು, ಐದು, ಮೂರು, ಆರು, ಎರಡು, ನಾಲ್ಕು" ಎಂದರು. ಸಿಲಿಂಡರುಗಳಲ್ಲಿ ಕಿಡಿ ಹಾರುವ ಕ್ರಮ ಅದು. ಕೆಲಸದ ಹುಡುಗ ಎರಡು ವಯರು ಅದಲುಬದಲು ಹಾಕಿದ್ದ. "ಹವಾಲ್ದಾರ್ರೇ, ಮಗ್ಗಿ ಹೇಳಿದ ಹಾಗೆ ಹೇಳ್ತೀರಲ್ಲ!" ಎಂದರು ಮೇಸ್ತ್ರಿ. ಮುಂದಿನ ಸಲ ಎಂಜಿನ್ ಹಿಡಿಯಿತು. ಗುಟ್ಟಾಗಿಟ್ಟದ್ದು ತಪ್ಪಾಯಿತೆಂದು ನನಗೆ ಅವತ್ತೇ ಅನ್ನಿಸಿತು. ಆರು ತಿಂಗಳು ಮೊದಲೇ ಹೇಳಿದ್ದರೆ ಆ ಆರು ತಿಂಗಳೂ ಅವರು ಅಲ್ಲೇ ಇರುತ್ತಿದ್ದರು.

ಇನ್ನು ಬಣ್ಣ. ಸೇನೆಯ ಗಾಡಿಯನ್ನು ಮೊದಲಿನಂತೆ ಮಾಡುವವರೆಲ್ಲ ಬಯಸುವುದು ಅದೇ ಆಲಿವ್ ಹಸಿರನ್ನು. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯ ವಾಹನಗಳನ್ನು ಬಿಟ್ಟು ಬೇರಾವುದಕ್ಕೂ ಆ ಬಣ್ಣ ಹೊಡೆಯುವಂತಿಲ್ಲ. ಅಣ್ಣನಿಗೆ ಬೇಸರವಾಯಿತು. ಅಪ್ಪನಿಗೆ ಆಗಲಿಲ್ಲ. "ಆ ಬಣ್ಣ ಸೇನೆಯದು. ಪಿಂಚಣಿಗೆ ಬಂದ ಮೇಲೆ ನಾನು ಯೂನಿಫಾರಂ ಹಾಕ್ತೀನಾ? ಅದೂ ಪಿಂಚಣಿಗೆ ಬಂದಿದೆ" ಎಂದು ಬೂದು ಬಣ್ಣ ಆರಿಸಿದರು. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ಒಳಗೆ ಅಂಗೈಯಗಲ ಹಳೆಯ ಹಸಿರನ್ನು ಉಜ್ಜದೆ ಹಾಗೇ ಬಿಟ್ಟಿದ್ದೇವೆ.

ನೋಂದಣಿಯ ವಿಷಯವನ್ನೂ ಮೊದಲೇ ತಿಳಿದಿರಬೇಕು. 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಇರುವ ವಾಹನಗಳಿಗೆ 2021ರಿಂದ 'ವಿಎ' ಅಕ್ಷರಗಳಿರುವ ವಿಂಟೇಜ್ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲು ತುಂಬಿಸುವುದು ಇಂಥ ಕೆಲಸಗಳಿಗೆ ಬಿಟ್ಟು ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ. ಅಪ್ಪನಿಗೆ ಸಂತೆಗೂ ಹೋಗಬೇಕು. ನಮ್ಮ ಗಾಡಿಗೆ ತೋಟದವರ ಕಾಲದ ಮಾಮೂಲು ನೋಂದಣಿ ಜೀವಂತವಾಗಿತ್ತು, ಅದನ್ನೇ ನವೀಕರಿಸಿಕೊಂಡೆವು.

ಕೊಡಗು, ಹಾಸನ, ಚಿಕ್ಕಮಗಳೂರಿನ ತೋಟಗಳ ಶೆಡ್ಡುಗಳಲ್ಲಿ ಇಂಥ ಗಾಡಿಗಳು ಇನ್ನೂ ನಿಂತಿವೆ. ನಿಮ್ಮಲ್ಲಿ ಒಂದಿದ್ದರೆ, ಗುಜರಿಯವರಿಗೆ ಹೇಳಿ ಕಳಿಸುವ ಮೊದಲು ಮೂರು ಕೆಲಸ ಮಾಡಿ. ಚಾಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಡ್ಯಾಶ್‌ಬೋರ್ಡಿನ ಮೇಲಿನ ಲೋಹದ ಫಲಕವನ್ನು ಯಾರೂ ಕೀಳದಂತೆ ನೋಡಿಕೊಳ್ಳಿ. ಹಳೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಹರಾಜಿನ ಕಾಗದ ಸಿಗುತ್ತದೆಯೇ ಹುಡುಕಿ; ಅದಿಲ್ಲದೆ ಗಾಡಿಗೆ ಮತ್ತೆ ದಾಖಲೆ ಮಾಡಿಸುವುದು ಬಹಳ ಕಷ್ಟ. ಆಮೇಲೆ ನಿಮ್ಮೂರಿನಲ್ಲಿ ಸೇನೆಯಲ್ಲಿ ಗಾಡಿ ಓಡಿಸಿ ಬಂದ ಹಿರಿಯರಿದ್ದರೆ ಅವರನ್ನು ಒಮ್ಮೆ ಆ ಶೆಡ್ಡಿಗೆ ಕರೆದುಕೊಂಡು ಹೋಗಿ.