ಬಿಯರ್ ಸ್ಟ್ಯಾಂಡ್ ತಯಾರಿಕೆ: ಮರಗೆಲಸ ಮತ್ತು ಅಬಕಾರಿ ಕಾನೂನು

ಮನೆಯಲ್ಲಿ ಬಿಯರ್ ತಯಾರಿಸುವ ಹವ್ಯಾಸಿಗಳು ಬಳಸುವ ಮರದ ಸ್ಟ್ಯಾಂಡಿಗೆ ಸಾಮಾನ್ಯವಾಗಿ ಮೂರು ಅಂತಸ್ತುಗಳಿರುತ್ತವೆ: ಮೇಲೆ ಬಿಸಿನೀರು, ನಡುವೆ ಮಾಲ್ಟ್, ಕೆಳಗೆ ಕುದಿಸುವ ಪಾತ್ರೆ. ದ್ರವವು ಪಂಪಿನ ನೆರವಿಲ್ಲದೆ ಇಳಿಯುತ್ತದೆ. 50 ಲೀಟರ್ ನೀರೇ 50 ಕಿಲೋ ತೂಗುವುದರಿಂದ ಅಡ್ಡಪಟ್ಟಿಗಳು ಕೇವಲ ಮೊಳೆಯನ್ನು ನೆಚ್ಚದೆ ಕಾಲುಗಳ ಕಚ್ಚಿನಲ್ಲಿ ಕೂರಬೇಕು. ಉರಿ ತಗುಲುವ ಕೆಳ ಅಂತಸ್ತಿಗೆ ಕಬ್ಬಿಣವೇ ಲೇಸು. ಸಕಲೇಶಪುರ ತಾಲ್ಲೂಕಿನ ವನಗೂರು ಸುತ್ತಲಿನ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ದೊರೆಯುವುದಾದರೂ, ಮಳೆಗಾಲದ ತೇವ ಆರದ ಹಲಗೆ ಬಾಗುತ್ತದೆ.

ಮರಗೆಲಸಕ್ಕಿಂತ ಕಾನೂನಿನ ಪ್ರಶ್ನೆ ದೊಡ್ಡದು. ಕರ್ನಾಟಕ ಅಬಕಾರಿ ಅಧಿನಿಯಮ, 1965ರ 13ನೇ ಪ್ರಕರಣದಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದಷ್ಟೇ ಅಲ್ಲ, ಆ ಉದ್ದೇಶಕ್ಕಾಗಿ ಸಲಕರಣೆ ಇಟ್ಟುಕೊಳ್ಳುವುದೂ ನಿಷಿದ್ಧ. ಆದುದರಿಂದ ಗ್ರಾಹಕರ ಪರವಾನಗಿಯ ಪ್ರತಿಯನ್ನು ಪಡೆದ ನಂತರವೇ ಮುಂಗಡ ಸ್ವೀಕರಿಸುವುದು ಕ್ಷೇಮ. ‘ಹೂಕುಂಡದ ಸ್ಟ್ಯಾಂಡ್’ ಎಂದು ಬಿಲ್ಲು ಬರೆದುಕೊಡುವ ಜಾಣತನವು ತಪಾಸಣೆಯ ವೇಳೆ ತಯಾರಕರಿಗೇ ತಿರುಗುಬಾಣವಾದೀತು.